ಮೂರೇ ಗೋಡೆಯ ರೂಮು, ನೂರೆಂಟು ಪ್ರಶ್ನೆ

ನಮಸ್ಕಾರ ಟೀಚರ್,

ನಿಮ್ಮ ಪತ್ರವನ್ನು ಆಫೀಸಿನಲ್ಲಿ ಎಲ್ಲರೂ ಓದಿ ನಕ್ಕೆವು, ಬೇಜಾರು ಮಾಡ್ಕೋಬೇಡಿ. ಉಳಿದ ಓದುಗರಿಗೂ ವಿಷಯ ಗೊತ್ತಾಗಲಿ ಅಂತ ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಪತ್ರ ಬರೆದವರು ಶಿವಮೊಗ್ಗದ ನಿವೃತ್ತ ಶಿಕ್ಷಕಿ. ಮಗಳು, ಅಳಿಯ ನ್ಯೂಜೆರ್ಸಿಯಲ್ಲಿದ್ದಾರೆ. ಬರುವ ಮಾರ್ಚ್‌ನಲ್ಲಿ ಅಪ್ಪ ಅಮ್ಮನನ್ನು ಕೆರಿಬಿಯನ್ನಿನ ಸೇಂಟ್ ಲೂಸಿಯಾ ದ್ವೀಪಕ್ಕೆ ಕರೆದುಕೊಂಡು ಹೋಗುತ್ತಿದ್ದಾರೆ. ಸೂಫ್ರಿಯೇರ್ ಊರಿನ ಹತ್ತಿರ ಭಾರಿ ದುಬಾರಿ ರೆಸಾರ್ಟ್, ಐದು ರಾತ್ರಿ. ಇವರ ಸಂಕಟ ಇದು: "ಇಬ್ಬರಿಗೂ ಈಜು ಬರಲ್ಲ. ಮೀನು, ಮಾಂಸ ಮುಟ್ಟಲ್ಲ. ರೂಮಿಗೆ ಮೂರೇ ಗೋಡೆಯಂತೆ! ಸಮುದ್ರ ನೋಡೋಕೆ ಅಷ್ಟು ದೂರ ಯಾಕೆ, ಮುರ್ಡೇಶ್ವರ ಸಾಲದಾ? ಐದು ದಿನ ಅಲ್ಲಿ ಮಾಡೋದೇನು, ತಿನ್ನೋದೇನು, ಸೀರೆ ಉಟ್ಟರೆ ನಗ್ತಾರಾ?"

ಗೋಡೆಯಿಂದಲೇ ಶುರು ಮಾಡೋಣ. ನಿಮ್ಮ ಮಗಳು ತಮಾಷೆ ಮಾಡಿಲ್ಲ. ಅಲ್ಲಿ ಜೇಡ್ ಮೌಂಟನ್ ಅಂತ ಒಂದು ರೆಸಾರ್ಟ್ ಇದೆ, 2006ರಲ್ಲಿ ತೆರೆದದ್ದು. ಅದರ ರೂಮುಗಳಿಗೆ ಸಮುದ್ರದ ಕಡೆ ಗೋಡೆಯೇ ಇಲ್ಲ. ಒಂದೊಂದು ರೂಮಿಗೂ ಹೋಗೋಕೆ ಒಂದೊಂದು ಸೇತುವೆ, ಹೆಚ್ಚಿನವುಗಳ ಒಳಗೆ ಒಂದು ಈಜುಕೊಳ, ಎದುರಿಗೆ ಬೆಟ್ಟ. ಟೀವಿ ಇಲ್ಲ. ರೂಮು ಇರುವುದು ಗುಡ್ಡದ ಮೇಲೆ, ಕಟ್ಟಿರುವ ರೀತಿಯೇ ಹಾಗಿದೆ, ಪಕ್ಕದವರಿಗೆ ನೀವು ಕಾಣಿಸುವುದಿಲ್ಲ. ಆ ಭಾಗದಲ್ಲಿ ಇನ್ನೂ ಒಂದೆರಡು ಕಡೆ ಹೀಗೇ ತೆರೆದ ರೂಮುಗಳಿವೆ. ರಾತ್ರಿ ಸೊಳ್ಳೆಪರದೆ ಕಟ್ಟಿಕೊಡುತ್ತಾರೆ. ಮೊದಲ ರಾತ್ರಿ ನಿದ್ದೆ ಕೆಡಿಸುವುದು ಕಳ್ಳರಲ್ಲ, ಕಪ್ಪೆಗಳು. ಉಗುರಿನಷ್ಟಿರುವ ಮರಗಪ್ಪೆ ಸಿಳ್ಳೆ ಹಾಕಲು ಶುರು ಮಾಡಿದರೆ ಇಡೀ ಗುಡ್ಡ ಕೂಗುತ್ತದೆ. ಬೆಳಗ್ಗೆ ತಿಂಡಿ ಟೇಬಲ್ಲಿಗೆ ಕಪ್ಪು ಇಲ್ಲವೇ ಕಂದು ಬಣ್ಣದ ಪುಟ್ಟ ಹಕ್ಕಿಗಳು ಬರುತ್ತವೆ, ಬುಲ್‌ಫಿಂಚ್ ಅಂತಾರೆ. ಅವುಗಳ ಕಣ್ಣೆಲ್ಲ ಸಕ್ಕರೆ ಬಟ್ಟಲಿನ ಮೇಲೆ. ನೀವು ಆ ಕಡೆ ತಿರುಗಿದರೆ ಸಾಕು, ಈ ಕಡೆಯಿಂದ ಬಂದು ಕುಕ್ಕಿಕೊಂಡು ಹೋಗುತ್ತವೆ. ಮುಚ್ಚಳ ಹಾಕಿಡಿ.

ಒಂದು ಮಾತು ಮಾತ್ರ ವಿಚಾರಿಸಿಕೊಳ್ಳಿ. ಇಂಥ ಜಾಗಗಳಲ್ಲಿ ಮೆಟ್ಟಿಲು ಜಾಸ್ತಿ. ನಿಮಗೆ ಮಂಡಿ ನೋವು ಅಂತ ಬರೆದಿದ್ದೀರಿ, ಹಾಗಾಗಿ ಆದಷ್ಟು ಕಡಿಮೆ ಮೆಟ್ಟಿಲಿರುವ ರೂಮು ಬೇಕು ಅಂತ ಮಗಳ ಕೈಲಿ ಈಗಲೇ ಹೇಳಿಸಿ.

ಈಗ ಅಸಲು ಪ್ರಶ್ನೆ. ಐದು ದಿನ ಏನು ಮಾಡೋದು?

ನನ್ನ ಸಲಹೆ ನೇರವಾಗಿದೆ. ರೆಸಾರ್ಟಿಗೆ ಒಂದೂವರೆ ದಿನ ಕೊಡಿ, ಸಾಕು. ಮಿಕ್ಕ ದಿನ ಗೇಟು ದಾಟಿ ಹೊರಗೆ ಬನ್ನಿ. ರಾತ್ರಿಗೆ ಸಾವಿರ ಡಾಲರಿಗೂ ಮೇಲೆ ಕೊಟ್ಟ ಮೇಲೆ ಹೊರಗೆ ಯಾಕೆ ಹೋಗಬೇಕು ಅಂತ ಅಳಿಯಂದಿರು ಕೇಳಬಹುದು, ಅವರ ಲೆಕ್ಕ ಅವರಿಗೆ. ಆದರೆ ಈಜುಕೊಳ, ಸ್ಪಾ, ಒಳ್ಳೇ ಹಾಸಿಗೆ ಗೋವಾದಲ್ಲೂ ಸಿಗುತ್ತದೆ, ಮಾಲ್ಡೀವ್ಸ್‌ನಲ್ಲೂ ಸಿಗುತ್ತದೆ. ಸೂಫ್ರಿಯೇರ್ ಬೇರೆ ಎಲ್ಲೂ ಸಿಗಲ್ಲ.

ದ್ವೀಪ ದೊಡ್ಡದೇನಲ್ಲ, ಸುಮಾರು 617 ಚದರ ಕಿಲೋಮೀಟರ್. ಇಷ್ಟು ಜಾಗಕ್ಕಾಗಿ ಫ್ರೆಂಚರೂ ಇಂಗ್ಲಿಷರೂ ಬಡಿದಾಡಿ ಬಡಿದಾಡಿ ಹದಿನಾಲ್ಕು ಸಲ ಕೈ ಬದಲಾಯಿತು ಅಂತ ಅಲ್ಲಿಯವರೇ ಹೇಳಿಕೊಳ್ಳುತ್ತಾರೆ. ಸ್ವತಂತ್ರ ಆದದ್ದು 1979ರ ಫೆಬ್ರವರಿ 22ರಂದು. ಆಫೀಸಿನ ಭಾಷೆ ಇಂಗ್ಲಿಷ್, ಮನೆಮಾತು ಫ್ರೆಂಚಿನಿಂದ ಬಂದ ಕ್ವೇಯೋಲ್. ಗಾಡಿ ನಮ್ಮ ಹಾಗೆ ಎಡಗಡೆ ಓಡಿಸುತ್ತಾರೆ. ವಿಮಾನ ಇಳಿಯುವುದು ದಕ್ಷಿಣದ ತುದಿಯ ಹೆವನೋರಾದಲ್ಲಿ, ಅಲ್ಲಿಂದ ಸೂಫ್ರಿಯೇರ್‌ಗೆ ಸುಮಾರು ಒಂದು ತಾಸು, ದಾರಿಯುದ್ದಕ್ಕೂ ತಿರುವು. ವಾಂತಿ ಮಾತ್ರೆ ಜೊತೆಗಿರಲಿ. ದಾರಿ ಪಕ್ಕದ ತೋಟಗಳಲ್ಲಿ ಬಾಳೆಗೊನೆಗಳಿಗೆ ನೀಲಿ ಪ್ಲಾಸ್ಟಿಕ್ ಚೀಲ ತೊಡಿಸಿರುವುದು ಕಂಡರೆ ಆಶ್ಚರ್ಯ ಪಡಬೇಡಿ, ಹುಳ ಹುಪ್ಪಟೆಗೆ ಅದೇ ರಕ್ಷಣೆ.

ಊರಿನ ಪಕ್ಕದಲ್ಲೇ ಎರಡು ಬೆಟ್ಟ ಸಮುದ್ರದಿಂದ ನೆಟ್ಟಗೆ ಎದ್ದು ನಿಂತಿವೆ. ಗ್ರೋ ಪಿಟಾನ್, ಪೆಟಿ ಪಿಟಾನ್. ಜ್ವಾಲಾಮುಖಿಯ ಗಟ್ಟಿ ಕಲ್ಲು. ಆ ದೇಶದ ಬಾವುಟದಲ್ಲಿರುವ ತ್ರಿಕೋನಗಳು ಇವೇ. 2004ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಗ್ರೋ ಪಿಟಾನ್ 800 ಮೀಟರಿಗೆ ಸ್ವಲ್ಪ ಕಡಿಮೆ, ನಿಮ್ಮ ಕೊಡಚಾದ್ರಿಯ ಮುಂದೆ ಗಿಡ್ಡ. ಆದರೆ ಗಿಡ್ಡ ಅಂತ ಹಗುರವಾಗಿ ತಗೋಬೇಡಿ, ಹತ್ತಿ ಇಳಿಯಲು ನಾಲ್ಕೈದು ತಾಸು ಬೇಕು, ಮೇಲಕ್ಕೆ ಹೋದಂತೆ ಕಲ್ಲು ಬಂಡೆಗಳನ್ನು ಕೈಯಲ್ಲಿ ಹಿಡಿದುಕೊಂಡೇ ಹತ್ತಬೇಕು. ಗೈಡ್ ಇಲ್ಲದೆ ಬಿಡುವುದಿಲ್ಲ. ಅಳಿಯ ಮಗಳು ಹೋಗಿ ಬರಲಿ. ಬುಡದಲ್ಲಿರುವ ಹಳ್ಳಿಯ ಹೆಸರು ಫಾಂ ಜಾಂ ಲೀಬ್ರ್. 1790ರ ದಶಕದಲ್ಲಿ ಗುಲಾಮಗಿರಿಯ ವಿರುದ್ಧ ಹೋರಾಡಿ ಕಾಡು ಸೇರಿದವರ ವಂಶದವರು ಅಲ್ಲಿದ್ದಾರೆ, ಗೈಡ್‌ಗಳು ಆ ಊರಿನವರೇ. ಬೆಟ್ಟಕ್ಕಿಂತ ಅವರ ಮಾತೇ ಚೆನ್ನ.

ನೀವಿಬ್ಬರೂ ಅದೇ ಹೊತ್ತಿಗೆ ಟೆಟ್ ಪಾಲ್ ಅನ್ನೋ ಜಾಗಕ್ಕೆ ಹೋಗಿ. ಮುಕ್ಕಾಲು ಗಂಟೆಯ ನಡಿಗೆ, ನಡುನಡುವೆ ಮೆಟ್ಟಿಲು, ಆದರೆ ಅಲ್ಲಲ್ಲಿ ನಿಂತು ಉಸಿರು ತಗೊಂಡು ಹೋಗಬಹುದು. ಅನಾನಸ್, ಮರಗೆಣಸು ಬೆಳೆದ ಹೊಲದ ಮಧ್ಯೆ ದಾರಿ ಹೋಗುತ್ತದೆ. ಎರಡೂ ಪಿಟಾನ್ ಒಟ್ಟಿಗೆ ಕಾಣುತ್ತವೆ. ಬೆಳಗ್ಗೆ ಬೇಗ ಹೋಗಿ, ಹತ್ತು ಗಂಟೆ ಮೇಲೆ ಬಿಸಿಲು ನೆತ್ತಿ ಸುಡುತ್ತದೆ.

ಆ ಎರಡು ಬೆಟ್ಟಗಳ ಮಧ್ಯೆ ಒಂದು ಬೀಚ್ ಇದೆ, ಶುಗರ್ ಬೀಚ್. ಬ್ರೋಷರುಗಳಲ್ಲಿ ನೋಡುವ ಹಾಲಿನಂಥ ಮರಳು ಇದರದ್ದೇ. ಆ ಮರಳು ಹೊರಗಿನಿಂದ ತಂದು ಸುರಿದದ್ದು! ಜ್ವಾಲಾಮುಖಿ ದ್ವೀಪವಲ್ವಾ, ಅಲ್ಲಿ ಹುಟ್ಟುವ ಮರಳು ಬೂದು ಇಲ್ಲವೇ ಕಪ್ಪು. ನನಗೇನೋ ಕಪ್ಪು ಮರಳಿನ ಆನ್ಸ್ ಷಾಸ್ಟನೇ ಬೀಚೇ ಹೆಚ್ಚು ಇಷ್ಟ. ಪಿಟಾನ್‌ಗಳ ಮಧ್ಯೆ ರೆಸಾರ್ಟ್ ಕಟ್ಟಲು ಹೊರಟಾಗ ಜೋರು ಗಲಾಟೆ ಆಗಿತ್ತು. ಆ ದ್ವೀಪದ ಕವಿ ಡೆರೆಕ್ ವಾಲ್ಕಾಟ್ ಬಹಿರಂಗವಾಗಿ ವಿರೋಧಿಸಿದ್ದರು. 1992ರಲ್ಲಿ ಸಾಹಿತ್ಯದ ನೊಬೆಲ್ ಬಂದದ್ದು ಅವರಿಗೇ. ನೊಬೆಲ್ ಭಾಷಣವನ್ನು ಅವರು ಶುರು ಮಾಡಿದ್ದು ಟ್ರಿನಿಡಾಡ್‌ನ ಫೆಲಿಸಿಟಿ ಅನ್ನೋ ಹಳ್ಳಿಯಲ್ಲಿ ನೋಡಿದ ರಾಮಲೀಲಾ ಆಟದಿಂದ. ಇದಕ್ಕೂ ಮುಂಚೆ 1979ರಲ್ಲಿ ಆರ್ಥರ್ ಲೂಯಿಸ್‌ಗೆ ಅರ್ಥಶಾಸ್ತ್ರದ ನೊಬೆಲ್. ಶಿವಮೊಗ್ಗ ನಗರದಷ್ಟೂ ಜನ ಇಲ್ಲದ ದೇಶ, ಎರಡು ನೊಬೆಲ್. ಇಬ್ಬರೂ ಹುಟ್ಟಿದ್ದು ಜನವರಿ 23ರಂದು, ಬೇರೆ ಬೇರೆ ವರ್ಷ. ಪಾಠ ಹೇಳಿದವರು ನೀವು, ಇದು ನಿಮಗೆ ಖುಷಿ ಕೊಡುತ್ತದೆ ಅಂತ ಬರೆದೆ.

ಹಾಂ, ಅಲ್ಲಿ ಬೀಚ್‌ಗಳೆಲ್ಲ ಸಾರ್ವಜನಿಕರದ್ದು. ಹಿಂದೆ ಎಷ್ಟೇ ದೊಡ್ಡ ರೆಸಾರ್ಟ್ ಇರಲಿ, ಮರಳ ಮೇಲೆ ನಡೆಯಬೇಡಿ ಅನ್ನುವ ಹಾಗಿಲ್ಲ. ಕುರ್ಚಿ, ಕೊಡೆ ಅವರದ್ದು, ಅದಕ್ಕೆ ದುಡ್ಡು ಕೇಳುತ್ತಾರೆ.

ಈಜು ಬರಲ್ಲ ಅಂತ ನೀರಿಗೆ ಇಳಿಯದೆ ವಾಪಸ್ ಬರಬೇಡಿ. ಆನ್ಸ್ ಷಾಸ್ಟನೇಯಲ್ಲಿ ದಡದಿಂದ ಸ್ವಲ್ಪವೇ ಮುಂದೆ ಹವಳದ ದಿಬ್ಬ ಶುರುವಾಗುತ್ತದೆ. ಲೈಫ್ ಜಾಕೆಟ್ ಹಾಕಿ, ಜೊತೆಗೆ ಒಬ್ಬ ಗೈಡ್ ಇಟ್ಟುಕೊಂಡು, ಮುಖಕ್ಕೆ ಕನ್ನಡಕ ಕೊಳವೆ ಸಿಕ್ಕಿಸಿ ಮಕಾಡೆ ತೇಲಿದರೆ ಆಯಿತು. ಗಿಳಿಮೀನು ಅಂತ ಒಂದಿದೆ, ನೀಲಿ ಹಸಿರು ಬಣ್ಣ, ಬಾಯಿ ಗಿಳಿಯ ಕೊಕ್ಕಿನ ಹಾಗೆ. ಅದು ಹವಳದ ಕಲ್ಲನ್ನು ಕೆರೆಯುವ ಕಟಕಟ ಸದ್ದು ನೀರೊಳಗೆ ಕಿವಿಗೆ ಸ್ಪಷ್ಟವಾಗಿ ಕೇಳುತ್ತದೆ. ತಿಂದ ಕಲ್ಲು ಗಂಟಲಿನ ಹಲ್ಲುಗಳಲ್ಲಿ ಪುಡಿಯಾಗಿ ಹಿಂದಿನಿಂದ ಮರಳಾಗಿ ಬೀಳುತ್ತದೆ. ಈ ನೀರಿಗಾಗಿ ಮೊದಲು ಮೀನುಗಾರರಿಗೂ ಡೈವಿಂಗ್‌ನವರಿಗೂ ದೋಣಿಯವರಿಗೂ ದಿನಾ ಜಗಳ. 1995ರಲ್ಲಿ ಎಲ್ಲರನ್ನೂ ಕೂರಿಸಿ ಕರಾವಳಿಯನ್ನು ಭಾಗ ಮಾಡಿದರು, ಇಲ್ಲಿ ಬಲೆ, ಇಲ್ಲಿ ದೋಣಿ, ಇಲ್ಲಿ ಯಾರೂ ಮೀನು ಹಿಡಿಯುವಂತಿಲ್ಲ ಅಂತ. ಮೀನು ಮತ್ತೆ ಜಾಸ್ತಿಯಾದವು.

ಬೀಚಿನಲ್ಲಿ ಒಂದೇ ಒಂದು ಎಚ್ಚರಿಕೆ, ಇದನ್ನು ಅಡಿಗೆರೆ ಹಾಕಿ ಓದಿ. ಮ್ಯಾಂಚಿನೀಲ್ ಅಂತ ಒಂದು ಮರ ಇದೆ, ಸಣ್ಣ ಹಸಿರು ಸೇಬಿನಂಥ ಕಾಯಿ ಬಿಡುತ್ತದೆ, ಒಳ್ಳೇ ವಾಸನೆ ಬೇರೆ. ಪೂರಾ ವಿಷ. ಕಾಯಿ ತಿನ್ನೋದಿರಲಿ, ಮಳೆ ಬಂತು ಅಂತ ಅದರ ಕೆಳಗೆ ನಿಂತರೂ ಎಲೆಯಿಂದ ಜಾರಿದ ನೀರು ಮೈ ಸುಟ್ಟು ಬೊಬ್ಬೆ ಎಬ್ಬಿಸುತ್ತದೆ. ಕೆಲವು ಕಡೆ ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿರುತ್ತಾರೆ. ಪಟ್ಟಿ ಇರಲಿ ಬಿಡಲಿ, ಗೊತ್ತಿಲ್ಲದ ಮರದ ಕೆಳಗೆ ಟವೆಲ್ ಹಾಸಬೇಡಿ.

ಇನ್ನು ಸಲ್ಫರ್ ಸ್ಪ್ರಿಂಗ್ಸ್. ಹಳೇ ಜ್ವಾಲಾಮುಖಿಯ ಬಾಯಿ, ಕಾರು ಹತ್ತಿರದ ತನಕ ಹೋಗುತ್ತದೆ. ಬೂದು ಕೆಸರು ಕೊತಕೊತ ಕುದಿಯುತ್ತಿರುತ್ತದೆ, ಮೊಟ್ಟೆ ಕೊಳೆತಂಥ ವಾಸನೆ, ಹತ್ತು ನಿಮಿಷ ಕಳೆದರೆ ಮೂಗು ಒಗ್ಗಿಕೊಳ್ಳುತ್ತದೆ. ಕುದಿಯುವ ಜಾಗವನ್ನು ಕಟಕಟೆಯ ಹಿಂದೆ ನಿಂತು ನೋಡಬೇಕು. ಕೆಳಗಡೆ ಹದ ಬಿಸಿಯ ಕೊಳಗಳಿವೆ. ಅಲ್ಲಿ ಮುಳುಗಿ ಎದ್ದು, ಬಕೆಟ್ಟಿನಲ್ಲಿಟ್ಟ ಕೆಸರನ್ನು ಮೈಗೆ ಬಳಿದುಕೊಂಡು, ಒಣಗಿದ ಮೇಲೆ ಮತ್ತೆ ನೀರಿಗಿಳಿದು ತೊಳೆದುಕೊಳ್ಳುವುದು. ಟೀಚರ್, ಹೋಗುವ ಮೊದಲು ಕಾಲುಂಗುರ ಬಿಚ್ಚಿಡಿ. ಬೆಳ್ಳಿ ಅಲ್ವಾ, ಆ ಗಂಧಕದ ಹಬೆಗೆ ಕರ್‍ರಗೆ ಆಗಿಬಿಡುತ್ತದೆ. ಕರಿಮಣಿಯನ್ನೂ ರೂಮಿನ ಲಾಕರಿನಲ್ಲಿಟ್ಟು ಹೋದರೆ ಮೇಲು, ಮಣಿಗಳ ಸಂದಿಗೆ ಹೊಕ್ಕ ಕೆಸರು ಸುಲಭಕ್ಕೆ ಬರಲ್ಲ. ಬಟ್ಟೆ ಹಳೆಯದು, ಗಾಢ ಬಣ್ಣದ್ದು ಇರಲಿ. ಯಜಮಾನರಿಗೆ ಬಿಪಿ ಇದ್ದರೆ ಬಿಸಿ ನೀರಲ್ಲಿ ಜಾಸ್ತಿ ಹೊತ್ತು ಕೂರಿಸಬೇಡಿ. ಕೆಸರು ಬೇಡ ಅನ್ನಿಸಿದರೆ ಹತ್ತಿರದಲ್ಲೇ ಡೈಮಂಡ್ ತೋಟ ಇದೆ. ಖನಿಜ ಸೇರಿ ಬಂಡೆಯೆಲ್ಲ ಹಳದಿ, ಹಸಿರು ಆಗಿರುವ ಪುಟ್ಟ ಜಲಪಾತ, ಜೊತೆಗೆ 1784ರಲ್ಲಿ ಫ್ರೆಂಚ್ ರಾಜನ ಸೈನಿಕರಿಗೆ ಅಂತ ಕಟ್ಟಿಸಿದ ಸ್ನಾನದ ತೊಟ್ಟಿಗಳು. ಜೋಗ ನೋಡಿದ ಕಣ್ಣಿಗೆ ಜಲಪಾತ ಏನೂ ಅಲ್ಲ, ತೋಟಕ್ಕಾಗಿ ಹೋಗಿ.

ಊಟದ ವಿಷಯ. ರೆಸಾರ್ಟ್‌ನವರಿಗೆ ಮುಂಚೆಯೇ ಇಮೇಲ್ ಮಾಡಿಸಿ. ಬರೀ "ವೆಜಿಟೇರಿಯನ್" ಅಂದರೆ ಸಾಲದು, ಮೀನು ಬೇಡ, ಕೋಳಿ ಬೇಯಿಸಿದ ನೀರೂ ಬೇಡ ಅಂತ ಬಿಡಿಸಿ ಬರೆಯಬೇಕು. ಅಲ್ಲಿಯ ರಾಷ್ಟ್ರೀಯ ಊಟ ಬಾಳೆಕಾಯಿ ಮತ್ತು ಉಪ್ಪುಮೀನು. ಉಪ್ಪುಮೀನು ಬಿಟ್ಟು ಬರೀ ಬಾಳೆಕಾಯಿ ಮಾಡಿಕೊಡಿ ಅಂದರೆ ಮಾಡಿಕೊಡುತ್ತಾರೆ. ಕುಂಬಳಕಾಯಿ ಸೂಪ್ ಇರುತ್ತದೆ, ಬೇಳೆ, ಕಾಳು ಇರುತ್ತದೆ. ಜೀಗುಜ್ಜೆಯನ್ನು ಇಡಿಯಾಗಿ ಬೆಂಕಿಯ ಮೇಲೆ ಸುಟ್ಟು, ಸಿಪ್ಪೆ ಕೆತ್ತಿ, ಹೋಳು ಮಾಡಿ ಕೊಡುತ್ತಾರೆ, ಮಂಗಳೂರು ಕಡೆ ಪೋಡಿ ಮಾಡುವ ಅದೇ ಜೀಗುಜ್ಜೆ. ಅದು ಕೆರಿಬಿಯನ್ನಿಗೆ ಬಂದ ಕತೆ ಅಷ್ಟು ಸಿಹಿಯಲ್ಲ. ಕಬ್ಬಿನ ತೋಟದ ಗುಲಾಮರಿಗೆ ಅಗ್ಗದ ಊಟ ಬೇಕಿತ್ತು, ಅದಕ್ಕೆ 1793ರಲ್ಲಿ ಕ್ಯಾಪ್ಟನ್ ಬ್ಲೈ ಅನ್ನುವವರು ತಾಹಿತಿಯಿಂದ ಸಸಿಗಳನ್ನು ಹಡಗಿನಲ್ಲಿ ಪಕ್ಕದ ಸೇಂಟ್ ವಿನ್ಸೆಂಟ್‌ಗೆ ತಂದರು.

ರೋಟಿಯೂ ಸಿಗುತ್ತದೆ, ಒಳಗೆ ಪಲ್ಯ ಸುತ್ತಿ ಕೊಡುತ್ತಾರೆ. ಗುಲಾಮಗಿರಿ ಹೋದ ಮೇಲೆ ತೋಟದ ಕೆಲಸಕ್ಕೆ ಆಳು ಬೇಕಾಗಿ, 1859ರ ಮೇ 6ರಂದು ಪಾಲ್ಮೈರಾ ಅನ್ನೋ ಹಡಗಿನಲ್ಲಿ ನಮ್ಮ ದೇಶದ ಮೊದಲ ಕೂಲಿಗಳು ಅಲ್ಲಿ ಇಳಿದರು. ಅವರ ಮರಿಮಕ್ಕಳ ಕಾಲಕ್ಕೆ ಭಾಷೆ ಹೆಚ್ಚುಕಮ್ಮಿ ಮರೆತೇ ಹೋಯಿತು, ಬಹಳ ಜನ ಕ್ರೈಸ್ತರಾದರು. ರೋಟಿ ಈಗ ಎಲ್ಲರ ತಿಂಡಿ. ಕೋಳಿ ಹಾಕಿದ್ದೇ ಹೆಚ್ಚು, ಕಡಲೆ ಆಲೂಗಡ್ಡೆಯದು ಕೇಳಿ ತಗೊಳ್ಳಿ.

ಕೋಕೋ ತೋಟಕ್ಕೂ ಅರ್ಧ ದಿನ ಇಡಿ. ರಾಬೋ ಎಸ್ಟೇಟ್, ಫಾಂ ದೂ, ಮಾರ್ನ್ ಕೂಬಾರಿಲ್, ಯಾವುದಾದರೂ ಒಂದು. ಅಡಿಕೆ ನಡುವೆ ಕೋಕೋ ಬೆಳೆಯುವ ಪುತ್ತೂರು ಕಡೆಯ ನೆಂಟರು ನಿಮಗಿದ್ದರೆ ಕಾಯಿ ನೋಡಿರುತ್ತೀರಿ. ಇಲ್ಲಿ ಆ ಬೀಜವನ್ನು ಹುದುಗಿಸಿ, ಒಣಗಿಸಿ, ಒರಳಿನಲ್ಲಿ ನಿಮ್ಮ ಕೈಯಲ್ಲೇ ಕುಟ್ಟಿಸುತ್ತಾರೆ. ಒರಳು ಬಿಸಿಯಾಗುತ್ತಾ ಪುಡಿ ಜಿಡ್ಡುಬಿಟ್ಟು ಮುದ್ದೆಯಾಗುವುದು ನೋಡಲು ಚೆನ್ನಾಗಿರುತ್ತದೆ. ಬೆಳಗ್ಗೆ ಕುಡಿಯುವ ಕೋಕೋ ಟೀ ಅಂತೂ ಬಿಡಲೇಬೇಡಿ, ಚಕ್ಕೆ, ಜಾಯಿಕಾಯಿ ಹಾಕಿ ಕುದಿಸಿದ್ದು.

ಯಜಮಾನರಿಗೆ ಕ್ರಿಕೆಟ್ ಹುಚ್ಚು ಅಂದಿರಿ. ಉತ್ತರದ ಗ್ರಾಸ್ ಐಲೆಟ್‌ನಲ್ಲಿ ಡ್ಯಾರೆನ್ ಸ್ಯಾಮಿ ಮೈದಾನ ಇದೆ. 2006ರ ಟೆಸ್ಟ್‌ನಲ್ಲಿ ನಾಯಕ ದ್ರಾವಿಡ್ 140 ಹೊಡೆದದ್ದು ಅಲ್ಲೇ, ಸೆಹ್ವಾಗ್ 180. ಮ್ಯಾಚ್ ಡ್ರಾ. ಸೂಫ್ರಿಯೇರ್‌ನಿಂದ ಒಂದೂವರೆ ತಾಸಿಗೂ ಮೇಲೆ ಹಿಡಿಯುತ್ತದೆ, ಅದಕ್ಕೆ ಶುಕ್ರವಾರ ಹೋಗಿ. ಸಂಜೆ ಆ ಊರಿನ ರಸ್ತೆಯೇ ಜಾತ್ರೆಯಾಗುತ್ತದೆ, ಹಾಡು, ಕುಣಿತ, ಇದ್ದಿಲ ಮೇಲೆ ಸುಡುವ ಜೋಳ. ಪಕ್ಕದಲ್ಲೇ ಪಿಜನ್ ಐಲೆಂಡ್, ಇಂಗ್ಲಿಷರ ಹಳೇ ಕೋಟೆ. ತಡರಾತ್ರಿ ಆ ತಿರುವಿನ ದಾರಿಯಲ್ಲಿ ಬಾಡಿಗೆ ಕಾರನ್ನು ಅಳಿಯಂದಿರೇ ಓಡಿಸುವುದು ಬೇಡ, ಟ್ಯಾಕ್ಸಿ ಮಾಡಿ. ದರವನ್ನು ಹತ್ತುವ ಮೊದಲೇ ಮಾತಾಡಿಕೊಳ್ಳಿ, ಅಮೆರಿಕನ್ ಡಾಲರೋ ಅವರ ಡಾಲರೋ ಅಂತಲೂ ಕೇಳಿ. ಒಂದು ಅಮೆರಿಕನ್ ಡಾಲರಿಗೆ ಅವರದ್ದು 2.70.

ಸೀರೆ ಧಾರಾಳವಾಗಿ ಉಡಿ. ಯಾರೂ ನಗಲ್ಲ, ಚೆನ್ನಾಗಿದೆ ಅಂತಾರೆ. ಹತ್ತಿ ಸೀರೆ ಸಾಕು, ರೇಷ್ಮೆ ಬೇಡ, ಸಮುದ್ರದ ಗಾಳಿಯಲ್ಲಿ ಉಪ್ಪಿರುತ್ತದೆ. ನೀರಿಗೆ ಇಳಿಯುವ ದಿನ ಮಾತ್ರ ಲೆಗ್ಗಿಂಗ್ಸ್, ತುಂಬುತೋಳಿನ ಟೀ ಶರ್ಟು. ತಾಪತ್ರಯ ಇರುವುದು ಗಂಡಸರ ಬಟ್ಟೆಯದ್ದು. ರಾತ್ರಿ ಊಟಕ್ಕೆ ಚಡ್ಡಿ, ಹವಾಯಿ ಚಪ್ಪಲಿಯಲ್ಲಿ ಬಂದರೆ ಅನೇಕ ರೆಸಾರ್ಟ್‌ಗಳಲ್ಲಿ ಒಳಗೆ ಬಿಡಲ್ಲ, ಒಂದು ಪ್ಯಾಂಟು, ಶೂ ಇರಲಿ. ಮತ್ತೆ ಮಿಲಿಟರಿ ಬಣ್ಣದ ಮಚ್ಚೆಮಚ್ಚೆ ಬಟ್ಟೆಯನ್ನು ಸಾಮಾನ್ಯ ಜನ ಹಾಕುವುದು ಆ ದೇಶದಲ್ಲಿ ಕಾನೂನು ಪ್ರಕಾರ ತಪ್ಪು. ಯಜಮಾನರು ವಾಕಿಂಗ್‌ಗೆ ಹಾಕಿಕೊಳ್ಳುವ ಟೋಪಿ ಆ ಥರದ್ದಾಗಿದ್ದರೆ ಶಿವಮೊಗ್ಗದಲ್ಲೇ ಬಿಟ್ಟು ಹೋಗಿ.