ತಕ್ಕಡಿಯೋ, ಕಪ್ಪೋ?

ಪ್ರಶ್ನೆ: ಎರಡು ತಿಂಗಳಿಂದ ತಿಂದದ್ದನ್ನೆಲ್ಲ ಕಪ್ಪು, ಚಮಚದಲ್ಲಿ ಅಳೆದು ಕ್ಯಾಲೊರಿ ಬರೆದಿಡುತ್ತಿದ್ದೇನೆ. ಲೆಕ್ಕ ಸರಿಯಾಗೇ ಇದೆ, ತೂಕ ಮಾತ್ರ ಇಳಿದಿಲ್ಲ. ತಕ್ಕಡಿ ಬೇಕೇ ಬೇಕಾ?

ಉತ್ತರ: ತಗೊಳ್ಳಿ. ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಕಪ್ಪು ಅಳೆಯುವುದು ಎಷ್ಟು ಜಾಗ ತುಂಬಿತು ಅನ್ನುವುದನ್ನು, ತೂಕವನ್ನಲ್ಲ. ಹಿಟ್ಟನ್ನು ಚಮಚದಿಂದ ಮೆಲ್ಲಗೆ ಹಾಕಿ ಮೇಲೆ ಸಮ ಮಾಡಿದರೆ ಒಂದು ಕಪ್ಪಿಗೆ ಸುಮಾರು 120 ಗ್ರಾಂ ಬರುತ್ತದೆ, ಅದೇ ಕಪ್ಪನ್ನು ಡಬ್ಬಿಯೊಳಗೆ ಅದ್ದಿ ಒತ್ತಿ ತುಂಬಿದರೆ 150 ಆದರೂ ಆಗಬಹುದು, ನೀವು ಮಾತ್ರ ಎರಡೂ ಸಲ 'ಒಂದು ಕಪ್ಪು' ಅಂತಲೇ ಬರೆದಿರುತ್ತೀರಿ ಅಲ್ವಾ? ಕಪ್ಪುಗಳೂ ಒಂದೇ ಅಳತೆಯವಲ್ಲ. ಕೆಲವು 240 ಮಿ.ಲೀ., ಕೆಲವು 250.

ನನಗೆ ಜಾಸ್ತಿ ಅನುಮಾನ ಎಣ್ಣೆ, ಬೆಣ್ಣೆ, ಬೀಜಗಳ ಮೇಲೆ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ ಇರುತ್ತದೆ, ಒಂದು ದೊಡ್ಡ ಚಮಚ (15 ಮಿ.ಲೀ.) ಎಣ್ಣೆಗೆ ಸುಮಾರು 120. ಎಣ್ಣೆಯ ಬಾಟಲಿಯನ್ನೇ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಬೇಕಾದಷ್ಟು ಸುರಿದು, ಮತ್ತೆ ಅಲ್ಲೇ ಇಡಿ. ಎಷ್ಟು ಕಮ್ಮಿ ತೋರಿಸುತ್ತದೋ ಅಷ್ಟು ಬಳಸಿದ್ದೀರಿ.

ಅಕ್ಕಿಯನ್ನು ಬೇಯಿಸುವ ಮೊದಲೇ ತೂಗಿ. ಬೆಂದ ಮೇಲೆ ನೀರು ಸೇರಿ ತೂಕ ಎರಡು ಮೂರು ಪಟ್ಟಾಗುತ್ತದೆ, ಆಗ ಹಸಿ ಅಕ್ಕಿಯ ಲೆಕ್ಕ ಹಾಕಿದರೆ ಎಲ್ಲ ತಲೆಕೆಳಗು.

ಹಾಲಿಗೆ ಕಪ್ಪೇ ಸಾಕು. ಸೊಪ್ಪು, ಸೌತೆಕಾಯಿಯನ್ನೆಲ್ಲ ಸುಮ್ನೆ ತೂಗುತ್ತಾ ಕೂರಬೇಡಿ. ಮೂರ್ನಾಲ್ಕು ವಾರ ಹೀಗೆ ಮಾಡಿ ನೋಡಿ, ಊಟದ ಹೊತ್ತಿಗೆ ತಕ್ಕಡಿ ನೋಡಿದರೇ ಆತಂಕವಾಗುತ್ತಿದ್ದರೆ ಅದನ್ನು ಎತ್ತಿಟ್ಟು ವೈದ್ಯರ ಹತ್ತಿರ ಮಾತಾಡಿ.