ಕೇಳಿ, ಹೇಳ್ತೀವಿ: ಇಬ್ಬರು ಜಾನ್‌ಗಳ ಹಾಡು, ತುಮಕೂರಿನ ತಕರಾರು

ಅಮೆರಿಕದ ರಾಕ್ ಬ್ಯಾಂಡ್ ‘ದೇ ಮೈಟ್ ಬಿ ಜೈಂಟ್ಸ್’ನ ಹಾಡುಗಳಲ್ಲಿ ನಿಮಗೆ ಎಲ್ಲಕ್ಕಿಂತ ಇಷ್ಟವಾದದ್ದು ಯಾವುದು ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಮೆಚ್ಚುಗೆಗಿಂತ ತಕರಾರೇ ಜಾಸ್ತಿ. ಹೊಸಬರಿಗೆ ಇಷ್ಟು ಗೊತ್ತಿದ್ದರೆ ಸಾಕು: 1982ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಈ ಬ್ಯಾಂಡ್ ಕಟ್ಟಿದವರು ಜಾನ್ ಫ್ಲ್ಯಾನ್ಸ್‌ಬರ್ಗ್ ಮತ್ತು ಜಾನ್ ಲಿನೆಲ್. ಮೊದಲನೆಯವರದು ಗಿಟಾರ್, ಎರಡನೆಯವರದು ಅಕಾರ್ಡಿಯನ್ ಮತ್ತು ಕೀಬೋರ್ಡ್. ಮೊದಲ ವರ್ಷಗಳಲ್ಲಿ ತಾಳಕ್ಕೆ ಡ್ರಮ್ ಮೆಷಿನ್ನೇ ಗತಿ.

‘ಬರ್ಡ್‌ಹೌಸ್ ಇನ್ ಯುವರ್ ಸೋಲ್’ ಮೊದಲ ಸ್ಥಾನಕ್ಕೆ ಬರಬೇಕು ಅನ್ನುವುದು ನನ್ನ ವಾದ. ಅದು ಬರೀ ಹಿಟ್ ಹಾಡು, ‘ಅನಾ ಎಂಗ್’ ಮುಂದೆ ನಿಲ್ಲುವುದಿಲ್ಲ ಅಂತಾನೆ ನನ್ನ ತಮ್ಮ. ತೀರ್ಪು ಕೊಡಿ.
– ಎಸ್.ಎಸ್. ಪುರಂ, ತುಮಕೂರು

ತಮ್ಮನದೇ ಗೆಲುವು, ಆದರೆ ಕೂದಲೆಳೆಯಷ್ಟು. ‘ಬರ್ಡ್‌ಹೌಸ್’ 1990ರ ‘ಫ್ಲಡ್’ ಆಲ್ಬಮ್ಮಿನದು, ಬ್ರಿಟನ್ನಿನ ಪಟ್ಟಿಯಲ್ಲಿ 6ನೇ ಸ್ಥಾನಕ್ಕೆ ಏರಿತ್ತು. ಹಾಡುತ್ತಿರುವುದು ಮನುಷ್ಯನಲ್ಲ, ನೀಲಿ ಹಕ್ಕಿಯ ಆಕಾರದ ಒಂದು ರಾತ್ರಿ ದೀಪ. ಇದನ್ನು ಕೇಳಿ ನಕ್ಕು ಸುಮ್ಮನಾಗುವವರೇ ಹೆಚ್ಚು. ನಿಜವಾದ ಚಮತ್ಕಾರ ಇರುವುದು ಷಡ್ಜದಲ್ಲಿ. ಫೋನಿನ ತಂಬೂರ ಆ್ಯಪ್‌ನಲ್ಲಿ ಮೊದಲ ಸಾಲಿಗೆ ಹೊಂದುವ ಶ್ರುತಿ ಇಟ್ಟು ಹಾಡನ್ನು ಜೊತೆಗೇ ಬಿಡಿ, ಶ್ರುತಿ ಎಲ್ಲೆಲ್ಲಿ ಕಚ್ಚಾಡುತ್ತದೆ ಎಂದು ಗುರುತು ಹಾಕಿಕೊಳ್ಳಿ. ಹಾಡಿನ ಷಡ್ಜ ಮನೆ ಬದಲಿಸುತ್ತಲೇ ಹೋಗುತ್ತದೆ, ಆದರೂ ತಂಬೂರ ಇಲ್ಲದೆ ಕೇಳುವಾಗ ಎಲ್ಲೂ ಎಡವಿದಂತೆ ಅನ್ನಿಸುವುದಿಲ್ಲ. ಇದನ್ನು ಗ್ರಹಭೇದ ಅನ್ನಬೇಡಿ. ಗ್ರಹಭೇದದಲ್ಲಿ ಸ್ವರಸ್ಥಾನಗಳು ಅವೇ ಇದ್ದು ಷಡ್ಜ ಮಾತ್ರ ಸರಿಯುತ್ತದೆ, ಇಲ್ಲಿ ಸ್ವರಗಳ ಗುಂಪೇ ಗುಳೆ ಹೊರಡುತ್ತದೆ.

‘ಅನಾ ಎಂಗ್’ 1988ರ ‘ಲಿಂಕನ್’ ಆಲ್ಬಮ್ಮಿನ ಮೊದಲ ಹಾಡು. ಗಿಟಾರಿನ ಪೆಟ್ಟು ಕತ್ತರಿಸಿದಂತೆ ನಿಲ್ಲುತ್ತದೆ, ಆ ಮೌನವೂ ತಾಳದ ಭಾಗವೇ. ನುಡಿಸುವವರು ಪೆಟ್ಟು ಬಿದ್ದ ತಕ್ಷಣ ಎಡಗೈ ಬೆರಳಿನ ಒತ್ತು ಸಡಿಲಿಸಬೇಕು, ಆದರೆ ಬೆರಳು ತಂತಿ ಬಿಡಬಾರದು. ಬಿಟ್ಟರೆ ಖಾಲಿ ತಂತಿ ಗುಂಯ್ ಅನ್ನುತ್ತದೆ. ನಾಯ್ಸ್ ಗೇಟ್ ಪೆಡಲ್ (ಮಿತಿಗಿಂತ ಸಣ್ಣ ಸದ್ದನ್ನು ತಡೆಯುವ ಸಾಧನ) ಇದ್ದರೆ ಅದರ ಮಿತಿಯನ್ನು ತೀರಾ ಮೇಲಿಡಬೇಡಿ, ಮೆತ್ತನೆಯ ಪೆಟ್ಟನ್ನು ನುಂಗಿಬಿಡುತ್ತದೆ. ತೀರಾ ಕೆಳಗಿಟ್ಟರೆ ಮೌನದಲ್ಲಿ ಆಂಪ್ಲಿಫೈಯರಿನ ಗೊರಗೊರ ತುಂಬಿಕೊಳ್ಳುತ್ತದೆ.

ಇನ್ನು ಸಾಹಿತ್ಯ. ಮೇಜಿನ ಮೇಲಿನ ಗೋಳದಲ್ಲಿ ಈ ಊರಿನ ಹೆಸರಿಗೆ ನೆಟ್ಟಗೆ ಗುಂಡು ಹೊಡೆದರೆ ಅದು ಹೊರಬೀಳುವ ಜಾಗವೇ ಪ್ರಿಯತಮೆಯ ನೆಲ, ಇದು ಹಾಡಿನ ಕಲ್ಪನೆ. ಲೆಕ್ಕ ಸುಲಭ: ಅಕ್ಷಾಂಶದ ದಿಕ್ಕು ತಿರುಗಿಸಿ, ರೇಖಾಂಶವನ್ನು 180ರಿಂದ ಕಳೆದು ಅದರ ದಿಕ್ಕನ್ನೂ ತಿರುಗಿಸಿ. ತುಮಕೂರು 13.3 ಡಿಗ್ರಿ ಉತ್ತರ, 77.1 ಪೂರ್ವ. ಗುಂಡು ಹೊರಬೀಳುವುದು 13.3 ದಕ್ಷಿಣ, 102.9 ಪಶ್ಚಿಮದಲ್ಲಿ, ಅಂದರೆ ಪೆರುವಿನ ಪಶ್ಚಿಮಕ್ಕೆ ಪೆಸಿಫಿಕ್ ಸಾಗರದ ನಟ್ಟನಡುವೆ. ನ್ಯೂಯಾರ್ಕಿನಿಂದ ಹೊಡೆದರೂ ಆಸ್ಟ್ರೇಲಿಯಾದ ನೈರುತ್ಯಕ್ಕೆ ಹಿಂದೂ ಮಹಾಸಾಗರದ ನೀರೇ. ಸಿಗದವಳ ಹಾಡು ಎನ್ನುವುದಕ್ಕೆ ಇದಕ್ಕಿಂತ ಪುರಾವೆ ಬೇಕೆ? ತಮ್ಮನಿಗೆ ಅಂಕ ಸಿಕ್ಕಿದ್ದು ಇಲ್ಲೇ.

ನಮ್ಮ ತಂಡದಲ್ಲಿ ಅಕಾರ್ಡಿಯನ್ ಇಲ್ಲ, ಹಾರ್ಮೋನಿಯಂ ಇದೆ. ಇವರ ಹಾಡು ನುಡಿಸಿದರೆ ನಡೆಯುತ್ತದೆಯೆ?
– ಗುಬ್ಬಿ

ಧಾರಾಳವಾಗಿ, ಆದರೆ ನಾಲ್ಕು ಕಡೆ ಕಾಲು ಜಾರುತ್ತದೆ. ಎರಡೂ ಒಂದೇ ಬಳಗದ ವಾದ್ಯಗಳು, ಗಾಳಿಗೆ ಲೋಹದ ರೀಡು ನಡುಗಿ ಸ್ವರ ಬರುತ್ತದೆ. ಅಕಾರ್ಡಿಯನ್ನಿನ ತಿದಿ ನೇರ ತೋಳಿನ ಹಿಡಿತದಲ್ಲಿರುವುದರಿಂದ ಒಂದು ಜಗ್ಗು ಕೊಟ್ಟರೆ ಸ್ವರ ಗುದ್ದಿದಂತೆ ಬರುತ್ತದೆ. ಹಾರ್ಮೋನಿಯಂನಲ್ಲಿ ಹೊರತಿದಿಯ ಗಾಳಿ ಸ್ಪ್ರಿಂಗ್ ಇರುವ ಒಳತಿದಿಗೆ ಹೋಗಿ ಸಮವಾಗಿಬಿಡುತ್ತದೆ, ನಿಮ್ಮ ಜಗ್ಗು ರೀಡಿಗೆ ತಲುಪುವುದೇ ಇಲ್ಲ. ಹಾಗಾಗಿ ಒತ್ತು ಬೇಕಾದಲ್ಲಿ ತಿದಿ ಜೋರು ಮಾಡಬೇಡಿ, ಸ್ವರವನ್ನು ಅರ್ಧ ಕಾಲ ಹಿಡಿದು ಬೆರಳೆತ್ತಿ.

ಎರಡನೆಯದು ಎಡಗೈ. ದೊಡ್ಡ ಅಕಾರ್ಡಿಯನ್ನಿಗೆ ಬಲಗಡೆ 41 ಮನೆ (ಕೀ), ಎಡಗಡೆ ಬೇಸ್ ಮತ್ತು ಕಾರ್ಡ್‌ಗಳಿಗೆ 120 ಗುಂಡಿ. ಕೈ ಹಾರ್ಮೋನಿಯಂನಲ್ಲಿ ಎಡಗೈ ತಿದಿಗೇ ಹೋಗುತ್ತದೆ. ಆದರೆ 1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿದ ಊರಿನವರು ನೀವು, ಪೌರಾಣಿಕ ನಾಟಕದ ಮೇಷ್ಟ್ರ ಲೆಗ್ ಹಾರ್ಮೋನಿಯಂ ಮರೆತಿರೇನು? ಕಾಲಲ್ಲಿ ತಿದಿ, ಎರಡು ಕೈಯೂ ಖಾಲಿ. ಎಡಗೈಯಲ್ಲಿ ಸ–ಪ, ಸ–ಪ ಸಾಕು. ತೀರಾ ಮಂದ್ರಕ್ಕೆ ಇಳಿಯಬೇಡಿ, ದಪ್ಪ ರೀಡು ಬಾಯಿ ಬಿಡುವುದು ತಡ, ವೇಗದ ಹಾಡಿನಲ್ಲಿ ಬೇಸ್ ಹಿಂದೆ ಬೀಳುತ್ತದೆ. ಒಂದು ಸ್ಥಾಯಿ ಮೇಲೆ ನುಡಿಸಿ.

ಮೂರನೆಯದು, ಶ್ರುತಿಯ ಗುಂಡಿಗಳನ್ನೆಲ್ಲ ಒಳಕ್ಕೆ ತಳ್ಳಿ ಮುಚ್ಚಿ. ‘ಬರ್ಡ್‌ಹೌಸ್’ನಂಥ ಹಾಡಿಗೆ ಶ್ರುತಿ ಹಿಡಿದರೆ ಮೇಲೆ ಹೇಳಿದ ಕಚ್ಚಾಟವೇ ಗತಿ. ಕೊನೆಯದಾಗಿ, ಹಳೆಯ ಪೆಟ್ಟಿಗೆ 440 ಹರ್ಟ್ಸ್‌ನ ರೂಢಿಯ ಶ್ರುತಿಗೆ ಸರಿಯಾಗಿ ಕೂತಿರುವುದು ಅಪರೂಪ, ಅದನ್ನು ವೇದಿಕೆಯ ಮೇಲೆ ಸರಿಮಾಡಲೂ ಆಗದು. ಬಿಳಿ ಒಂದನ್ನು ಸ ಎಂದಿಟ್ಟುಕೊಂಡು ಅದರ ಧ ಒತ್ತಿ, ಟ್ಯೂನರ್ ಆ್ಯಪ್‌ನಲ್ಲಿ ಮುಳ್ಳು ನಡುವೆ ನಿಲ್ಲುವ ತನಕ ಮೂಲಸಂಖ್ಯೆ ಬದಲಿಸಿ, ಆ ಸಂಖ್ಯೆಗೇ ಗಿಟಾರುಗಳನ್ನು ಕೂಡಿಸಿ.

ಡ್ರಮ್ ಮೆಷಿನ್ ಕಾಲದ ಹಾಡುಗಳೇ ಚೆಂದ, ಆಮೇಲಿನವು ಸಪ್ಪೆ. ಒಪ್ಪುತ್ತೀರಾ?
– ತಿಪಟೂರು

ಇಲ್ಲ. ಪೂರ್ತಿ ವಾದ್ಯಗಾರರ ತಂಡ ಕಟ್ಟಿಕೊಂಡು ಮಾಡಿದ 1994ರ ಆಲ್ಬಮ್ಮಿಗೆ ಅವರಿಟ್ಟ ಹೆಸರು ‘ಜಾನ್ ಹೆನ್ರಿ’, ಯಂತ್ರದ ಎದುರು ಸುತ್ತಿಗೆ ಹಿಡಿದು ನಿಂತ ಜಾನಪದ ಕಾರ್ಮಿಕನ ಹೆಸರು. ನಿಮ್ಮ ತಕರಾರು ಬರುತ್ತದೆಂದು ಅವರಿಗೆ ಮೊದಲೇ ಗೊತ್ತಿತ್ತೇನೋ!

‘ಫಿಂಗರ್‌ಟಿಪ್ಸ್’ ಅನ್ನು ಷಫಲ್‌ನಲ್ಲಿ (ಕ್ರಮ ಕಲಸಿ) ಕೇಳಿ ಅನ್ನುತ್ತಾರೆ. ಕೇಳಿದರೆ ಬರೀ ಚೂರುಪಾರು.
– ಕೋಲಾರ

1992ರ ‘ಅಪೊಲೊ 18’ ಸಿ.ಡಿ.ಯಲ್ಲಿ 38 ಟ್ರ್ಯಾಕ್, ಅದರಲ್ಲಿ 21 ಈ ‘ಫಿಂಗರ್‌ಟಿಪ್ಸ್’ನ ತುಣುಕುಗಳೇ. ಹೆಚ್ಚಿನವು ಕೆಲವೇ ಸೆಕೆಂಡಿನವು, ಎಲ್ಲ ಸೇರಿ ಸುಮಾರು ನಾಲ್ಕೂವರೆ ನಿಮಿಷ. ದೊಡ್ಡ ಹಾಡುಗಳ ನಡುವೆ ಇವು ಒಗ್ಗರಣೆಯ ಸಾಸಿವೆ ಹಾಗೆ ಸಿಡಿಯಲಿ ಎಂಬುದು ಉದ್ದೇಶ, ಷಫಲ್‌ಗೆ ಒಪ್ಪುವಂತೆ ಟ್ರ್ಯಾಕ್ ಮಾಡಿದ್ದೇವೆ ಎಂದು ಆಲ್ಬಮ್ಮಿನ ಟಿಪ್ಪಣಿಯೇ ಹೇಳುತ್ತದೆ. ತೊಂದರೆ ಇರುವುದು ಎಣಿಕೆಯಲ್ಲಿ. 38ಕ್ಕೆ 21 ಎಂದರೆ ನೂರಕ್ಕೆ 55, ಹಾಗಾಗಿ ತುಣುಕಿನ ಹಿಂದೆ ತುಣುಕೇ ಬರುತ್ತದೆ. ಪ್ಲೇಲಿಸ್ಟ್ ಮಾಡಿ, ಉಳಿದ 17 ಹಾಡುಗಳನ್ನು ಎರಡೆರಡು ಸಲ ಸೇರಿಸಿ. ಆಗ 55ಕ್ಕೆ 21, ನೂರಕ್ಕೆ 38. ಒಂದು ಹಾಡಿನ ಕೊನೆಯನ್ನು ಮುಂದಿನದರ ಆರಂಭಕ್ಕೆ ಬೆರೆಸುವ ಕ್ರಾಸ್‌ಫೇಡ್ ಸೊನ್ನೆಗೆ ಇಳಿಸುವುದನ್ನು ಮರೆಯಬೇಡಿ. 5 ಸೆಕೆಂಡಿನ ಕ್ರಾಸ್‌ಫೇಡ್ ಇದ್ದರೆ 5 ಸೆಕೆಂಡಿನ ತುಣುಕು ಪೂರ್ತಿ ಕರಗಿಹೋಗುತ್ತದೆ. ಇಪ್ಪತ್ತೊಂದೂ ಒಂದೇ ಟ್ರ್ಯಾಕ್ ಆಗಿರುವ ಆವೃತ್ತಿ ನಿಮ್ಮದಾದರೆ ಈ ಕಸರತ್ತೆಲ್ಲ ವ್ಯರ್ಥ.

‘ಇಸ್ತಾಂಬುಲ್’ ಅವರ ಸ್ವಂತ ಹಾಡಲ್ಲ, ಪಟ್ಟಿಯಿಂದ ತೆಗೆಯಿರಿ. ನಮ್ಮೂರ ಹೆಸರಿಟ್ಟು ಹಾಡಬಹುದೆ?
– ಚಿಂತಾಮಣಿ

ನಿಜ, ಅದು ‘ಫೋರ್ ಲ್ಯಾಡ್ಸ್’ ಎಂಬ ಗಾಯಕರ ತಂಡ 1953ರಲ್ಲಿ ಹಾಡಿದ್ದು. ರಚನೆಯ ಪಟ್ಟಿಯಿಂದ ತೆಗೆದಿದ್ದೇವೆ, ಗಾಯನದ ಪಟ್ಟಿಯಲ್ಲಿ ಇರಲಿ. ಆರಂಭದ ಪಿಟೀಲು, ಆ ಓಟ, ಎರಡೂ ಈ ಜೋಡಿ ಸೇರಿಸಿದ್ದು. ಹೆಸರು ಬದಲಾದ ಊರಿನ ಹಾಡಾದ್ದರಿಂದ ನಮ್ಮ ಕಡೆಯವರಿಗೆ ಆಸೆ ಸಹಜ. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲಿ ಹೆಸರು ತಿದ್ದಿಸಿಕೊಂಡ 12 ನಗರಗಳಲ್ಲಿ ತುಮಕೂರೂ ಒಂದು. ಇಸ್ತಾಂಬುಲ್ ಮೂರು ಉಚ್ಚಾರದ ಪದ, ತು–ಮ–ಕೂ–ರು ನಾಲ್ಕು. ಜನ ಆಡುವಂತೆ ‘ತುಮ್ಕೂರು’ ಅನ್ನಿ, ಕೂತುಬಿಡುತ್ತದೆ. ಇಸ್ತಾಂಬುಲ್‌ನ ಹಳೆಯ ಹೆಸರು ಕಾನ್‌ಸ್ಟಾಂಟಿನೋಪಲ್‌ನ ಐದಕ್ಕೆ ‘ಚಿಕ್ಬಳ್ಳಾಪುರ’ ಇದೆ.

ಏಳನೇ ತರಗತಿಗೆ ಸೂರ್ಯನ ಹಾಡು ಕೇಳಿಸಬೇಕು. ಒಂದೇ ವಿಷಯಕ್ಕೆ ಎರಡು ಹಾಡಿವೆಯಲ್ಲ, ಯಾವುದು?
– ಗೌರಿಬಿದನೂರು

ಎರಡನ್ನೂ ಕೇಳಿಸಿ, ಅದೇ ಕ್ರಮದಲ್ಲಿ. 2009ರ ‘ಹಿಯರ್ ಕಮ್ಸ್ ಸೈನ್ಸ್’ ಆಲ್ಬಮ್ಮಿನಲ್ಲಿ ಮೊದಲು ಬರುವುದು 1959ರ ಮಕ್ಕಳ ರೆಕಾರ್ಡಿನ ಹಳೆಯ ಹಾಡು, ಸೂರ್ಯ ಬಿಸಿ ಅನಿಲದ ಮುದ್ದೆ ಅನ್ನುತ್ತದೆ. ಮರುಹಾಡು ಅದನ್ನು ತಿದ್ದಿ ಪ್ಲಾಸ್ಮಾ ಅನ್ನುತ್ತದೆ. ಅಷ್ಟು ಕಾವಿನಲ್ಲಿ ಪರಮಾಣುಗಳಿಂದ ಎಲೆಕ್ಟ್ರಾನ್ ಕಳಚಿಕೊಂಡಿರುತ್ತವೆ, ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್, ಒಡಲು ಸುಮಾರು ಒಂದೂವರೆ ಕೋಟಿ. ಮೊದಲನೆಯದು ಬಾಯಿಗೆ ಬೇಗ ಅಂಟುವ ಹಾಡು, ಅದೊಂದನ್ನೇ ಕೇಳಿಸಿ ಗಂಟೆ ಬಾರಿಸಿದರೆ ಮಕ್ಕಳು ಪರೀಕ್ಷೆಯಲ್ಲಿ ಅನಿಲ ಎಂದೇ ಬರೆದು ಬರುತ್ತಾರೆ. ಒಂದೇ ಪೀರಿಯಡ್ಡಿನಲ್ಲಿ ಎರಡೂ ಮುಗಿಸಿ.