ಅಪ್ಪನಿಂದ ಬಂದ ನೌಕರಿಯನ್ನು ಬಿಡುವುದು ಹೇಗೆ?

ಮಧುಗೆ (ಹೆಸರು, ಗುರುತಿನ ವಿವರ ಬದಲಿಸಿದ್ದೇನೆ) 33 ವರ್ಷ. ಮದುವೆಯಾಗಿಲ್ಲ. ಮಲೆನಾಡಿನ ಒಂದು ಸರ್ಕಾರಿ ಕಚೇರಿಯಲ್ಲಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ). ನೌಕರಿ ಬಿಟ್ಟು ಎರಡು ವರ್ಷ ದೇಶ ದೇಶ ಸುತ್ತಬೇಕು ಎಂಬ ಆಸೆ. ಕೈಯಲ್ಲಿ 11 ಲಕ್ಷ ಉಳಿತಾಯವಿದೆ, ತಂಗಿಯ ಮದುವೆಯ ಸಾಲ ತೀರಿದೆ. ರಾಜೀನಾಮೆ ಪತ್ರ ಬರೆದು ಬ್ಯಾಗಿನಲ್ಲಿಟ್ಟುಕೊಂಡು ತಿಂಗಳುಗಳೇ ಆಗಿದ್ದವು. ಸಲಹೆ ಕೇಳಲು ನನ್ನ ಬಳಿ ಬಂದವರು "ಕೊಡೋಕೂ ಆಗ್ತಿಲ್ಲ, ಹರಿದು ಹಾಕೋಕೂ ಆಗ್ತಿಲ್ಲ ಮೇಡಂ" ಎಂದರು. ನಿದ್ದೆ ಸರಿಯಿಲ್ಲ. ಕಚೇರಿಯಲ್ಲಿ ಸಣ್ಣ ಮಾತಿಗೂ ಸಿಟ್ಟು.

ದುಡ್ಡಿನ ಲೆಕ್ಕ ಅವರ ಬಳಿ ಚೆನ್ನಾಗಿಯೇ ಇತ್ತು. ಹಾಗಾದರೆ ತಡೆಯುತ್ತಿರುವುದೇನು ಎಂದು ಕೇಳಿದಾಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಗೊತ್ತಾಯಿತು, ಅದು ಅನುಕಂಪದ ಆಧಾರದ ಮೇಲೆ ಬಂದ ನೌಕರಿ. ಅಪ್ಪ ಸೇವೆಯಲ್ಲಿದ್ದಾಗಲೇ ತೀರಿಕೊಂಡಿದ್ದರು. ಮಧುಗೆ ಆಗ 21, ಆಗಷ್ಟೇ ಡಿಗ್ರಿ ಮುಗಿದಿತ್ತು. ವೈಕುಂಠ ಸಮಾರಾಧನೆಗೆ ಬಂದ ನೆಂಟರೇ ಅರ್ಜಿಯ ಮಾತು ತೆಗೆದರಂತೆ. ನಿನಗೆ ಇಷ್ಟವಿದೆಯಾ ಎಂದು ಯಾರೂ ಕೇಳಲಿಲ್ಲ. ಅಳುವುದಕ್ಕೂ ಪುರುಸೊತ್ತು ಸಿಗಲಿಲ್ಲ. ಕಾಗದ ಪತ್ರ ಹಿಡಿದು ಕಚೇರಿಯಿಂದ ಕಚೇರಿಗೆ ಓಡಾಡಿದ್ದೇ ಆಯಿತು.

ಇಂಥವರನ್ನು ನಾನು ಆಗಾಗ ನೋಡುತ್ತೇನೆ. ಮನೆಯವರ ಪಾಲಿಗೆ ಆ ನೌಕರಿ ಬರೀ ಸಂಬಳವಲ್ಲ, ಹೋದವರು ಉಳಿಸಿಹೋದ ಆಸರೆ. ಮಧು ತಾಯಿ ಮುಂದಿನ ಸಲ ಬಂದಾಗ ಹೇಳಿದ್ದೂ ಅದೇ: "ಅವರಪ್ಪ ಸತ್ತು ಕೊಟ್ಟ ಕೆಲಸ ಕಣಮ್ಮಾ. ಬಿಟ್ಟರೆ ಅವರನ್ನೇ ಬಿಟ್ಟ ಹಾಗೆ." ಮಗ ತಲೆ ತಗ್ಗಿಸಿ ಕೂತಿದ್ದರು.

ಅದಕ್ಕೇ ಪ್ರವಾಸದ ಮಾತನ್ನು ಸ್ವಲ್ಪ ಬದಿಗಿಟ್ಟೆ. ರಾಜೀನಾಮೆ ಪತ್ರ ಇಲಾಖೆಗೆ ಬರೆದದ್ದು. ಅಪ್ಪನಿಗೆ ಹೇಳಬೇಕಾದ್ದನ್ನು ಬೇರೆ ಹಾಳೆಯಲ್ಲಿ ಬರೆಯಿರಿ ಎಂದೆ. ಕೋಪವಿದ್ದರೆ ಕೋಪವನ್ನೇ ಬರೆಯಿರಿ, ಯಾರಿಗೂ ತೋರಿಸಬೇಕಿಲ್ಲ. ಬರೆದು ತಂದರು, ಓದಿದರು, ಅತ್ತರು. ಹನ್ನೆರಡು ವರ್ಷದ ಹಿಂದೆ ಬರಬೇಕಿದ್ದ ಅಳು ಅದು. ಆಮೇಲೆ ಕೇಳಿದೆ: "ಈಗಲೂ ಹೋಗಬೇಕು ಅನ್ನಿಸುತ್ತಾ?" "ಹೌದು, ಆದರೆ ಓಡಿಹೋಗಬೇಕು ಅನ್ನಿಸ್ತಿಲ್ಲ" ಎಂದರು. ಆಸೆ ನಿಜವಾದದ್ದೇ ಎಂದು ನನಗೆ ಆಗ ನಂಬಿಕೆ ಬಂತು.

ತಾಯಿಯ ಮನಸ್ಸಿನಲ್ಲಿ ಇನ್ನೊಂದು ಲೆಕ್ಕವೂ ಇತ್ತು. ದೊಡ್ಡವನು ಬಿಟ್ಟರೆ ಅದೇ ನೌಕರಿ ಚಿಕ್ಕ ಮಗನಿಗೆ ಸಿಗುತ್ತದೆ ಎಂದು ಯಾರೋ ಹೇಳಿದ್ದರು. ಸಿಗುವುದಿಲ್ಲ. ಅನುಕಂಪದ ನೇಮಕಾತಿ ಒಬ್ಬರ ಸಾವಿಗೆ ಒಂದೇ ಸಲ. ಇದನ್ನು ಅವರಿಬ್ಬರ ಎದುರೇ ಹೇಳಿದೆ. ಸುಳ್ಳು ಭರವಸೆಯ ಮೇಲೆ ಒಪ್ಪಿಗೆ ಪಡೆಯುವುದು ಬೇಡ, ಅಲ್ವಾ?

ಮಧುಗೂ ಕೆಲವು ವಿಷಯ ಗೊತ್ತಿರಲಿಲ್ಲ. 2006ರ ಏಪ್ರಿಲ್ 1ರ ನಂತರ ಸೇರಿದ್ದರಿಂದ ಅವರು ಎನ್‌ಪಿಎಸ್‌ನಲ್ಲಿದ್ದಾರೆ (ಪಿಂಚಣಿಗೆಂದು ಸಂಬಳದಿಂದ ಹಣ ಕೂಡಿಡುವ ಹೊಸ ಪಿಂಚಣಿ ಯೋಜನೆ). ನಿವೃತ್ತಿಗೆ ಮುಂಚೆ ಬಿಟ್ಟರೆ ಆ ಹಣದ ದೊಡ್ಡ ಪಾಲು ಕೈಗೆ ಬರುವುದಿಲ್ಲ, ಪಿಂಚಣಿ ಕೊಳ್ಳಲು ಹೋಗುತ್ತದೆ. ಪ್ರವಾಸಕ್ಕೆ ಆಗುತ್ತದೆ ಎಂದು ಅದನ್ನೂ ಲೆಕ್ಕ ಹಾಕಿದ್ದರು. ಮತ್ತೆ ಸರ್ಕಾರಿ ನೌಕರಿಗೆ ಬರೆಯೋಣವೆಂದರೆ ಸಾಮಾನ್ಯ ವರ್ಗಕ್ಕೆ 35 ವರ್ಷದ ಮಿತಿ. ಆಗಾಗ ಸಡಿಲಿಕೆ ಬರುತ್ತದೆ ನಿಜ, ಅದನ್ನು ನಂಬಿ ಕೂರಬಾರದು. ತಾಯಿಗೆ ಸಕ್ಕರೆ ಕಾಯಿಲೆ ಇದೆ. ನೌಕರಿಯ ಜೊತೆ ಬಂದ ಚಿಕಿತ್ಸಾ ಸೌಲಭ್ಯ ಹೋದರೆ ಹೊಸ ವಿಮೆ ಮಾಡಿಸಬೇಕು. ಮೊದಲೇ ಇರುವ ಕಾಯಿಲೆಗೆ ಹೊಸ ಪಾಲಿಸಿಯಲ್ಲಿ 3 ವರ್ಷದವರೆಗೂ ಕಾಯಿಸಬಹುದು. ಈ ಖರ್ಚು 11 ಲಕ್ಷದ ಲೆಕ್ಕದಲ್ಲಿ ಇರಲೇ ಇಲ್ಲ.

ವೀಸಾ ವಿಷಯವೂ ಅಷ್ಟೆ. ನಮ್ಮ ಪಾಸ್‌ಪೋರ್ಟಿಗೆ ನೇಪಾಳಕ್ಕೆ ವೀಸಾ ಬೇಡ, ವಿಯೆಟ್ನಾಂ 90 ದಿನದ ಇ-ವೀಸಾ ಕೊಡುತ್ತದೆ. ಯುರೋಪಿನ ಷೆಂಗೆನ್ ದೇಶಗಳಲ್ಲಿ (ಒಂದೇ ವೀಸಾದಲ್ಲಿ ಸುತ್ತಬಹುದಾದ ದೇಶಗಳ ಗುಂಪು) ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಅಲ್ಲಿಗೆ ಅರ್ಜಿ ಹಾಕುವಾಗ ಸಂಬಳದ ಚೀಟಿ, ರಜೆ ಮಂಜೂರಾದ ಪತ್ರ ಕೇಳುತ್ತಾರೆ. ನೌಕರಿ ಬಿಟ್ಟವರು ವಾಪಸ್ ಬರುತ್ತಾರೆಂದು ನಂಬಿಸುವುದು ಕಷ್ಟ. ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡುತ್ತಾ ಸುತ್ತುವ ವೀಸಾ 2024ರಿಂದ ಭಾರತೀಯರಿಗೂ ಇದೆ. ಆದರೆ ಅದು 18ರಿಂದ 30 ವರ್ಷದವರಿಗೆ, ಅದೂ ಲಾಟರಿಯಲ್ಲಿ.

ನಾನು ಕೊಟ್ಟ ಸಲಹೆ ಇದು. ರಾಜೀನಾಮೆ ಈಗ ಬೇಡ. ಗಳಿಕೆ ರಜೆ ಸಾಕಷ್ಟಿದೆ, 300 ದಿನದವರೆಗೆ ಕೂಡಿಡಬಹುದಾದ ರಜೆ ಅದು. ಅದರಲ್ಲಿ ಮೂರ್ನಾಲ್ಕು ತಿಂಗಳು ಕೇಳಿ. ಸಾಲದಿದ್ದರೆ ಸಂಬಳವಿಲ್ಲದ ಅಸಾಧಾರಣ ರಜೆ. ರಜೆ ಹಕ್ಕಲ್ಲ, ಮೇಲಧಿಕಾರಿ ಮಂಜೂರು ಮಾಡಬೇಕು. ವಿದೇಶಕ್ಕೆ ಹೋಗಲು ಮೊದಲೇ ಅನುಮತಿಯೂ ಬೇಕು. ಹೇಳದೆ ಕೇಳದೆ ಗೈರಾದರೆ ಶಿಸ್ತುಕ್ರಮ ಗ್ಯಾರಂಟಿ. ರಜೆಯಲ್ಲಿದ್ದರೂ ನೀವು ಸರ್ಕಾರಿ ನೌಕರರೇ, ವಿಡಿಯೊ ಚಾನೆಲ್ ಮಾಡಿ ದುಡ್ಡು ಮಾಡುವ ಯೋಚನೆ ಇದ್ದರೆ ಅದಕ್ಕೂ ಅನುಮತಿ ಕೇಳಿ.

ಇದನ್ನು ಕೇಳಿ ಅವರ ಮುಖ ಸಪ್ಪಗಾಯಿತು. ಎರಡು ವರ್ಷದ ಕನಸಿನೆದುರು ನಾಲ್ಕು ತಿಂಗಳು ಕಡಿಮೆಯೇ. ಆದರೆ ಅವರು ಇದುವರೆಗೆ ಒಬ್ಬರೇ ಹೋದ ಅತಿ ದೂರದ ಊರು ಗೋವಾ. ಗೊತ್ತಿಲ್ಲದ ಊರಿನಲ್ಲಿ ಜ್ವರ ಬಂದು ಮಲಗಿದಾಗ, ವಾರಗಟ್ಟಲೆ ಮಾತಾಡಲು ಯಾರೂ ಇಲ್ಲದಾಗ ತನಗೆ ಹೇಗನ್ನಿಸುತ್ತದೆ ಎಂಬುದು ಹೋಗದೆ ತಿಳಿಯುವುದಿಲ್ಲ.

ತಾಯಿಗೂ ಒಂದು ಮಾತು ಹೇಳಿದೆ. ಮಗ ತನ್ನ ಯೌವನವನ್ನೆಲ್ಲ ಮನೆಗೆ ಕೊಟ್ಟಿದ್ದಾನೆ, ತಂಗಿಯ ಮದುವೆ ಮಾಡಿದ್ದಾನೆ. ಅಪ್ಪನಿಗೆ ಅವನು ಏನೂ ಬಾಕಿ ಉಳಿಸಿಕೊಂಡಿಲ್ಲ. ಅವರು ಒಪ್ಪಿದರು ಎನ್ನಲಾರೆ. "ಮದುವೆ ಮಾಡಿಕೊಂಡು ಹೋಗಲಿ" ಎಂದರು. ಅದು ಬೇರೆ ಮಾತು, ಇನ್ನೊಂದು ದಿನ ಕೂತು ಮಾತಾಡೋಣ ಎಂದೆ.

ಮಧು ರಜೆಗೂ ವಿದೇಶ ಪ್ರಯಾಣದ ಅನುಮತಿಗೂ ಅರ್ಜಿ ಹಾಕಿದ್ದಾರೆ. ಮೊದಲು ನೇಪಾಳ, ಆಮೇಲೆ ವಿಯೆಟ್ನಾಂ. ಬಂದ ಮೇಲೆ ಮೂರು ತಿಂಗಳು ಕಚೇರಿಗೆ ಹೋಗಿ, ಅಲ್ಲಿಯವರೆಗೆ ರಾಜೀನಾಮೆ ಬಗ್ಗೆ ಯಾವ ತೀರ್ಮಾನವೂ ಬೇಡ ಎಂದು ಹೇಳಿದ್ದೇನೆ. ದೂರದ ಊರಿಂದ ಬಂದ ಹೊಸತರಲ್ಲಿ ಎಂಥ ಒಳ್ಳೆಯ ಕೆಲಸವೂ ಬೇಸರ ಅನ್ನಿಸುತ್ತದೆ. ಆ ಬೇಸರ ಇಳಿದ ಮೇಲೂ ಬಿಡಬೇಕು ಎನ್ನಿಸಿದರೆ ತಾಯಿಯ ವಿಮೆ ಮೊದಲು ಮಾಡಿಸಿ, ಆಮೇಲೆ ಪತ್ರ ಕೊಡಿ ಎಂದಿದ್ದೇನೆ.